ಕಿವಿಯ ಕೆಲಸಕ್ಕೂ ಕೂಲಿ ಸಲ್ಲಬೇಕು

ಹಳೆಯ ಕಾರನ್ನು ಕೊಂಡ ಗೃಹಸ್ಥನು ಮೊದಲ ಕೆಲವು ದಿನ ಅದರ ಬಣ್ಣವನ್ನೂ ಸೀಟಿನ ಹೊದಿಕೆಯನ್ನೂ ಕಂಡು ಹಿಗ್ಗುತ್ತಾನೆ. ಆಮೇಲೊಂದು ದಿನ, ಊರು ದಾಟಿ ಹೆದ್ದಾರಿಗೆ ಇಳಿದು ವೇಗದ ಮುಳ್ಳು ಅರವತ್ತನ್ನು ಮೀರಿದ ಗಳಿಗೆಯಲ್ಲಿ, ಅಡಿಯಲ್ಲೆಲ್ಲಿಂದಲೋ ಹೊರಟ ಗುಂಯ್ ಎಂಬ ನಾದವೊಂದು ಅವನ ಕಿವಿಗೆ ಬೀಳುತ್ತದೆ, ಅಲ್ಲಿಂದಾಚೆಗೆ ಆ ವಾಹನದಲ್ಲಿ ಅವನಿಗೆ ಬೇರೇನೂ ಕೇಳಿಸುವುದಿಲ್ಲ. ಪಕ್ಕದಲ್ಲಿ ಕುಳಿತ ಹೆಂಡತಿಯನ್ನು ಕೇಳಿದರೆ ಆಕೆಗೆ ಯಾವ ಸದ್ದೂ ಇಲ್ಲ. ಹಿಂದೆ ಕುಳಿತ ಮಗನಿಗೆ ಅದು ಹಿಂದಿನ ಗಾಲಿಯಿಂದಲೇ ಬರುತ್ತಿರುವುದು ನಿಶ್ಚಯ. ಮಾರಿದವನಿಗೆ ಫೋನು ಮಾಡಿದರೆ "ಅದು ಟಯರ್ ಸೌಂಡ್ ಸಾರ್, ಓಡ್ತಾ ಓಡ್ತಾ ಹೋಗುತ್ತೆ" ಎಂಬ ಅಭಯ ದೊರೆಯುತ್ತದೆ. ಇಂತಹ ಸದ್ದು ಎಂಜಿನ್ನಿನದಲ್ಲದೆ, ಎಂಜಿನ್ನಿನ ಬಲವನ್ನು ಗಾಲಿಗೆ ಒಯ್ದು ಮುಟ್ಟಿಸುವ ಕ್ಲಚ್ಚು, ಗೇರ್ ಬಾಕ್ಸು, ಶಾಫ್ಟು, ಡಿಫರೆನ್ಷಿಯಲ್ಲು, ಬೇರಿಂಗು ಮೊದಲಾದವುಗಳ ಪೈಕಿ ಯಾವುದೋ ಒಂದರದಾಗಿದ್ದರೆ, ಅದರ ಮೂಲವನ್ನು ಶೋಧಿಸುವುದು ಅದನ್ನು ಸರಿಪಡಿಸುವುದಕ್ಕಿಂತ ಎಷ್ಟೋ ಪಾಲು ಕಠಿನವಾದ ಕೆಲಸ. ಆದರೆ ನಾವು ಕೂಲಿ ಕೊಡುವುದು ಎರಡನೆಯದಕ್ಕೆ ಮಾತ್ರ. ಹಳೆಯ ಕಾರುಗಳ ರಿಪೇರಿಯಲ್ಲಿ ನಡೆಯುವ ಹಣದ ಅಪವ್ಯಯದ ಬಹುಭಾಗಕ್ಕೆ ಈ ಒಂದು ರೂಢಿಯೇ ಕಾರಣವೆಂದು ನಾನು ಬಗೆದಿದ್ದೇನೆ.

ಗ್ಯಾರೇಜಿನ ಲೆಕ್ಕವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಮೆಕ್ಯಾನಿಕ್ಕನ ಬಿಲ್ಲಿನಲ್ಲಿ ಎರಡೇ ಬಗೆಯ ಸಾಲುಗಳಿರುತ್ತವೆ: ಸ್ಪೇರು ಮತ್ತು ಲೇಬರು. ಬೇರಿಂಗನ್ನು ಬಿಚ್ಚಿ, ಪ್ರೆಸ್ ಮಾಡಿಸಿ, ಹೊಸದನ್ನು ಕೂರಿಸಿದರೆ ಒಂದಿಷ್ಟು ಲೇಬರು. ಗೇರ್ ಬಾಕ್ಸನ್ನು ಇಳಿಸಿ ಏರಿಸಿದರೆ ಅದರ ಹಲವು ಪಟ್ಟು. ಆದರೆ ಅರ್ಧ ಗಂಟೆ ಕಾರನ್ನು ಓಡಿಸಿ, ಏರಿನಲ್ಲೊಮ್ಮೆ ಇಳಿಜಾರಿನಲ್ಲೊಮ್ಮೆ ಕಿವಿಗೊಟ್ಟು ಆಲಿಸಿ, "ಗೇರ್ ಬಾಕ್ಸಿನಲ್ಲಿ ಏನೂ ಇಲ್ಲ, ಮುಟ್ಟಬೇಡಿ" ಎಂದು ಹೇಳಿದವನಿಗೆ ಸಿಗುವುದು ಬರಿಯ ಒಂದು ನಮಸ್ಕಾರ. ಹೀಗಿರುವಲ್ಲಿ, ದಿನದ ಸಂಪಾದನೆಯಿಂದ ಸಂಸಾರ ನಡೆಸಬೇಕಾದ ಮನುಷ್ಯನು ಆಲಿಸುವ ಕೆಲಸವನ್ನು ಎರಡು ನಿಮಿಷಕ್ಕೆ ಮುಗಿಸಿ ಬಿಚ್ಚುವ ಕೆಲಸಕ್ಕೆ ಕೈಹಾಕಿದರೆ ಅವನನ್ನು ವಂಚಕನೆಂದು ಕರೆಯಲು ನನಗೆ ಮನಸ್ಸು ಬಾರದು. ವಂಚಕರು ಎಲ್ಲ ಕಸುಬಿನಲ್ಲಿಯೂ ಇದ್ದಾರೆ. ಇಲ್ಲಿ ಪ್ರಾಮಾಣಿಕನೂ ಅದೇ ಮಾರ್ಗವನ್ನು ಹಿಡಿಯುವಂತೆ ವ್ಯವಸ್ಥೆಯೇ ಅವನನ್ನು ನೂಕುತ್ತಿದೆ ಎಂಬುದು ವಿಚಾರಾರ್ಹ.

ಸದ್ದಿನ ಪತ್ತೆಗೆ ಮೊದಲು ಬೇಕಾದದ್ದು ವಾಹನದ ರಚನೆಯ ಅರಿವು. ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಎಂಜಿನ್ನು ಮುಂದೆ, ಬಲ ಪಡೆಯುವ ಗಾಲಿಗಳು ಹಿಂದೆ, ನಡುವೆ ಕಾರಿನ ಹೊಟ್ಟೆಯುದ್ದಕ್ಕೂ ತಿರುಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಅದರ ತುದಿಗಳಲ್ಲಿ ಬಾಗುವ ಸಂಧಿಗಳಾದ ಯು.ಜೆ. ಕ್ರಾಸುಗಳು, ಹಿಂದಿನ ಆಕ್ಸಲ್ಲಿನ ಮಧ್ಯದ ಗುಂಡಾದ ಡಿಫರೆನ್ಷಿಯಲ್ ಪೆಟ್ಟಿಗೆಯಲ್ಲಿ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳು. 1983ರ ಡಿಸೆಂಬರ್ 14ರಂದು ಮೊದಲ ಗ್ರಾಹಕನ ಕೈಸೇರಿದ ಮಾರುತಿ 800 ಈ ಏರ್ಪಾಡನ್ನು ತಲೆಕೆಳಗು ಮಾಡಿತು: ಎಂಜಿನ್ನೂ ಗೇರ್ ಬಾಕ್ಸೂ ಡಿಫರೆನ್ಷಿಯಲ್ಲೂ ಮುಂಭಾಗದಲ್ಲಿಯೇ ಒಟ್ಟುಗೂಡಿ, ಅಲ್ಲಿಂದ ಎರಡು ಗಿಡ್ಡ ಶಾಫ್ಟುಗಳು ಮುಂದಿನ ಗಾಲಿಗಳಿಗೇ ಬಲವನ್ನು ಕೊಟ್ಟವು, ಮತ್ತು ಅಲ್ಲಿಂದೀಚೆಗೆ ನಮ್ಮ ಸಣ್ಣ ಕಾರುಗಳ ಬಹುಪಾಲು ಅದೇ ದಾರಿಯನ್ನು ಹಿಡಿದವು. ಹಿಂದಿನ ಗಾಲಿಯ ಸಂಪ್ರದಾಯವಾದರೂ ಅಳಿದಿಲ್ಲ. ನಮ್ಮ ಬಿಡದಿಯ ಕಾರ್ಖಾನೆಯಿಂದಲೇ ಹೊರಬಂದ ಕ್ವಾಲಿಸ್ಸೂ, 2005ರಲ್ಲಿ ಅದರ ಸ್ಥಾನಕ್ಕೆ ಬಂದ ಇನ್ನೋವಾವೂ, ಹಳ್ಳಿಗಾಡಿನ ಬೊಲೆರೋವೂ ಆ ಮನೆತನಕ್ಕೇ ಸೇರಿದವು. ಕ್ವಾಲಿಸ್ಸಿನ ಅಡಿಯಲ್ಲಿ ಧಡ್ ಎಂದರೆ ಅದಕ್ಕೆ ಒಂದು ಅರ್ಥ, ಆಲ್ಟೋವಿನ ಅಡಿಯಲ್ಲಿ ಧಡ್ ಎಂದರೆ ಬೇರೆಯೇ ಅರ್ಥ. ಯಾವ ಗಾಡಿಯೆಂದು ಕೇಳದೆಯೇ ಸದ್ದಿನ ಕಾರಣ ಹೇಳುವವನ ಮಾತನ್ನು ನಂಬತಕ್ಕದ್ದಲ್ಲ.

ಅನಂತರ ಕೇಳತಕ್ಕ ಮೊದಲ ಪ್ರಶ್ನೆ, ಸದ್ದು ಯಾರನ್ನು ಹಿಂಬಾಲಿಸುತ್ತದೆ ಎಂಬುದು: ಗಾಲಿಯ ವೇಗವನ್ನೋ, ಎಂಜಿನ್ನಿನ ವೇಗವನ್ನೋ? ಇದನ್ನು ಅರಿಯುವುದಕ್ಕೆ ಯಂತ್ರವೇನೂ ಬೇಡ. ಮುಂದೆ ಹಿಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ಸದ್ದು ಚೆನ್ನಾಗಿ ಕೇಳಿಸುತ್ತಿರುವ ವೇಗದಲ್ಲಿಯೇ, ಕ್ಲಚ್ಚನ್ನು ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾರನ್ನು ತನ್ನಷ್ಟಕ್ಕೆ ಉರುಳಲು ಬಿಟ್ಟರೆ, ಎಂಜಿನ್ನು ಥಟ್ಟನೆ ನಿಧಾನಕ್ಕೆ ಇಳಿಯುತ್ತದೆ, ಗಾಲಿಗಳು ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತವೆ. ಆಗಲೂ ಸದ್ದು ಕದಲದೆ ನಿಂತರೆ ಎಂಜಿನ್ನೂ ಕ್ಲಚ್ಚೂ ನಿರಪರಾಧಿಗಳು. ಸಂಶಯವು ಗಾಲಿಯ ಬೇರಿಂಗು, ಟಯರು, ಹಿಂದಿನ ಗಾಲಿಯ ಗಾಡಿಯಾದರೆ ಡಿಫರೆನ್ಷಿಯಲ್ಲು, ಇವುಗಳ ಮೇಲೆ ಹೋಗುತ್ತದೆ. ಬೇರಿಂಗೋ ಟಯರೋ ಎಂಬ ವ್ಯಾಜ್ಯವನ್ನು ಬೆಂಗಳೂರಿನವರು ಸುಲಭವಾಗಿ ಬಗೆಹರಿಸಿಕೊಳ್ಳಬಹುದು: ಡಾಂಬರಿನ ರಸ್ತೆಯಿಂದ ಕಾಂಕ್ರೀಟಿನ ವೈಟ್ ಟಾಪಿಂಗ್ ರಸ್ತೆಗೆ ದಾಟುವಾಗ ಸದ್ದಿನ ಬಣ್ಣ ಬದಲಾದರೆ ಅದು ಟಯರು, ಬದಲಾಗದಿದ್ದರೆ ಬೇರಿಂಗು.

ಎರಡನೆಯ ಪ್ರಶ್ನೆ ಭಾರದ್ದು. ಆಕ್ಸಿಲರೇಟರನ್ನು ಒತ್ತಿದಾಗ ಗೇರಿನ ಹಲ್ಲಿನ ಒಂದು ಮುಖವೂ, ಬಿಟ್ಟಾಗ ಅದರ ಇನ್ನೊಂದು ಮುಖವೂ ಬಲವನ್ನು ಹೊರುವುದರಿಂದ, ಒತ್ತಿದಾಗ ಮಾತ್ರವೋ ಬಿಟ್ಟಾಗ ಮಾತ್ರವೋ ಕೊಯ್ ಎನ್ನುವ ಡಿಫರೆನ್ಷಿಯಲ್ಲು ತನ್ನ ಹಲ್ಲುಗಳ ಸವೆತವನ್ನು ತಾನೇ ಸಾರುತ್ತಿರುತ್ತದೆ. ಮುಂದಿನ ಗಾಲಿಯ ಕಾರಿನಲ್ಲಿ, ಸ್ಟಿಯರಿಂಗನ್ನು ಪೂರಾ ತಿರುಗಿಸಿಕೊಂಡು ನಿಧಾನವಾಗಿ ಹೊರಡುವಾಗ ಟಕ್ ಟಕ್ ಟಕ್ ಎಂದು ಎಣಿಸುವಂತೆ ಕೇಳಿಸಿದರೆ ಅದು ಡ್ರೈವ್ ಶಾಫ್ಟಿನ ಹೊರತುದಿಯ ಸಂಧಿಯ ದೂರು. ಫೋರ್ಡ್ ಕಂಪನಿಯ ಎಂಜಿನಿಯರಾಗಿದ್ದ ಆಲ್ಫ್ರೆಡ್ ರ‍್ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ, ಆರು ಉಕ್ಕಿನ ಗೋಲಿಗಳನ್ನೊಳಗೊಂಡ ಈ ಸಂಧಿಯು ಸಾಕಷ್ಟು ಓರೆಯಾದರೂ ಒಂದೇ ಸಮನಾಗಿ ತಿರುಗಬಲ್ಲುದು, ಆದರೆ ಅದನ್ನು ಮುಚ್ಚಿರುವ ರಬ್ಬರಿನ ಬೂಟು ಒಂದೆಡೆ ಹರಿದರೆ ಸಾಕು, ಗ್ರೀಸು ಹೊರಕ್ಕೆ ಸಿಡಿದು ಧೂಳು ಒಳಕ್ಕೆ ಸೇರಿ ಗೋಲಿಗಳ ಹಾದಿಯನ್ನು ಕೊರೆದುಹಾಕುತ್ತದೆ. ಗಾಲಿಯ ಒಳಮೈಯಲ್ಲಿ ಕಪ್ಪು ಗ್ರೀಸಿನ ಎರಚಲು ಕಂಡ ದಿನವೇ ಬೂಟನ್ನು ಬದಲಾಯಿಸಿದವನಿಗೆ ಸ್ವಲ್ಪದರಲ್ಲಿ ಮುಗಿಯುತ್ತದೆ; ಟಕಟಕ ಕೇಳಿಸುವ ತನಕ ಕಾದವನು ಇಡೀ ಶಾಫ್ಟನ್ನೇ ಕೊಳ್ಳಬೇಕಾದೀತು.

ಕ್ಲಚ್ಚಿನ ಪರೀಕ್ಷೆ ಇನ್ನೂ ಸರಳ. ನಿಂತ ಕಾರಿನಲ್ಲಿ, ನ್ಯೂಟ್ರಲ್ಲಿನಲ್ಲಿ, ಕಾಲನ್ನು ಪೆಡಲಿನಿಂದ ತೆಗೆದಾಗ ಗರಗರ ಇದ್ದು ಒತ್ತಿದೊಡನೆ ನಿಂತರೆ ಗೇರ್ ಬಾಕ್ಸಿನ ಒಳಬರುವ ಶಾಫ್ಟಿನ ಬೇರಿಂಗು. ಒತ್ತಿದಾಗ ಹುಟ್ಟಿ ಬಿಟ್ಟಾಗ ಅಡಗಿದರೆ ಕ್ಲಚ್ಚಿನ ರಿಲೀಸ್ ಬೇರಿಂಗು. ಹಿಂದಿನ ಗಾಲಿಯ ಗಾಡಿಗಳಲ್ಲಿ ಎಣಿಕೆಯೂ ಸಹಾಯಕ್ಕೆ ಬರುತ್ತದೆ. ಸುಮಾರು 60 ಸೆಂಟಿಮೀಟರ್ ವ್ಯಾಸದ ಗಾಲಿಯು ಒಂದು ಸುತ್ತಿಗೆ ಎರಡು ಮೀಟರಿಗೆ ತುಸು ಕಡಮೆ ದೂರವನ್ನು ಕ್ರಮಿಸುವುದರಿಂದ, ಗಂಟೆಗೆ 5 ಕಿಲೋಮೀಟರಿನ ನಡಿಗೆಯ ವೇಗದಲ್ಲಿ ಅದು ಒಂದೂವರೆ ಸೆಕೆಂಡಿಗೆ ಹೆಚ್ಚುಕಡಮೆ ಒಂದು ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಅನುಪಾತ ನಾಲ್ಕರ ಆಸುಪಾಸಿನಲ್ಲಿದ್ದರೆ ಪ್ರೊಪೆಲ್ಲರ್ ಶಾಫ್ಟು ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಸಿರುತ್ತದೆ. ಒಂದೂವರೆ ಸೆಕೆಂಡಿಗೊಂದು ಟಿಕ್ ಎಂದರೆ ಗಾಲಿಯ ಕಡೆಯದು. ಅದೇ ಅವಧಿಯಲ್ಲಿ ನಾಲ್ಕು ಎಂದರೆ ಶಾಫ್ಟಿನ ಕಡೆಯದು. ಇಷ್ಟನ್ನು ತಿಳಿಯುವುದಕ್ಕೆ ಬೇಕಾದದ್ದು ಕೈಗಡಿಯಾರ ಮತ್ತು ಸಹನೆ.

ಹಾಸನದಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಉಪಾಧ್ಯಾಯರು. ಅವರು ಕೊಂಡ ಹಳೆಯ ಸಣ್ಣ ಕಾರಿಗೆ ನಾನು ಆರಂಭದಲ್ಲಿ ವರ್ಣಿಸಿದಂತಹ ಗುಂಯ್‌ಗುಡುವಿಕೆ ಇತ್ತು. ದೊಡ್ಡದೊಂದು ಗ್ಯಾರೇಜಿನವರು ಕಾರನ್ನು ನಿಂತಲ್ಲೇ ಸ್ಟಾರ್ಟ್ ಮಾಡಿ, ಬಾನೆಟ್ಟನ್ನು ಎತ್ತಿ, ಗೇರ್ ಬಾಕ್ಸ್ ಇಳಿಸಬೇಕೆಂದು ವಿಧಿಸಿದರು. ಎಸ್ಟಿಮೇಟಿನ ಮೊತ್ತವನ್ನು ಓದಿದ ಮೇಷ್ಟ್ರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲವೆಂದು ಅವರ ಮನೆಯವರು ಹೇಳಿದರು. ಮಾರನೆಯ ದಿನ ಊರಾಚೆ ಹುಣಿಸೆಮರದಡಿ ತಗಡಿನ ಶೆಡ್ಡು ಹಾಕಿಕೊಂಡಿರುವ ಹಿರಿಯ ಮೇಸ್ತ್ರಿಯೊಬ್ಬನ ಬಳಿಗೆ ನಾವಿಬ್ಬರೂ ಹೋದೆವು. ಆತ ಬಾನೆಟ್ಟಿನ ಗೊಡವೆಗೇ ಹೋಗಲಿಲ್ಲ; ರೇಡಿಯೋ, ಎ.ಸಿ. ಎರಡನ್ನೂ ಆರಿಸಿ, ನಾಲ್ಕೂ ಗಾಜುಗಳನ್ನು ಇಳಿಸಿ, "ಮಾತಾಡಬೇಡಿ ಮೇಷ್ಟ್ರೇ" ಎಂದು ವಿನಯದಿಂದಲೇ ಆಜ್ಞಾಪಿಸಿ, ಕಾರನ್ನು ರಸ್ತೆಗೆ ಇಳಿಸಿದನು. ಉದ್ದನೆಯ ಕಾಂಪೌಂಡ್ ಗೋಡೆಯೊಂದರ ಪಕ್ಕದಲ್ಲಿ ಹಾದು ಹೋದನು, ಗೋಡೆಗೆ ತಾಗಿ ಮರಳುವ ಸದ್ದಿನಲ್ಲಿ ಆ ಪಕ್ಕದ ಗಾಲಿಗಳ ದನಿ ಸ್ಪಷ್ಟವಾಗುವುದೆಂದು; ಹಿಂತಿರುಗಿ ಬರುತ್ತ ಇನ್ನೊಂದು ಪಕ್ಕವನ್ನು ಗೋಡೆಗೆ ಕೊಟ್ಟನು. ನ್ಯೂಟ್ರಲ್ಲಿಗೆ ಹಾಕಿದನು; ಸದ್ದು ಹಾಗೆಯೇ ಇತ್ತು. ನಿರ್ಜನವಾದೆಡೆ ಸ್ಟಿಯರಿಂಗನ್ನು ಮೃದುವಾಗಿ ಎಡಕ್ಕೆ ಬಾಗಿಸಿದಾಗ ಗುಂಯ್ ಗಟ್ಟಿಯಾಯಿತು, ಬಲಕ್ಕೆ ಬಾಗಿಸಿದಾಗ ಕುಗ್ಗಿತು. "ಎಡಕ್ಕೆ ತಿರುಗಿದ್ರೆ ಭಾರ ಎಲ್ಲ ಬಲಗಡೆ ಗಾಲಿ ಮೇಲೆ ಬೀಳ್ತದೆ, ಅದಕ್ಕೇ ಅದು ಅರಚ್ತದೆ" ಎಂದನು.

ಅಷ್ಟಕ್ಕೂ ಆತ ತೃಪ್ತನಾಗಲಿಲ್ಲ. ಶೆಡ್ಡಿಗೆ ಬಂದು ಮುಂದಿನ ಬಲಗಾಲಿಯನ್ನು ಜಾಕಿನ ಮೇಲೆ ಎತ್ತಿ, ಎಡಗೈಯ ಬೆರಳ ತುದಿಗಳನ್ನು ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗಿನ ಮೇಲೆ ಹಗುರವಾಗಿ ಇರಿಸಿ, ಬಲಗೈಯಿಂದ ಗಾಲಿಯನ್ನು ತಿರುಗಿಸಿದನು. ನಮ್ಮನ್ನೂ ಕರೆದು ಮುಟ್ಟಿಸಿದನು. ಸ್ಪ್ರಿಂಗಿನಲ್ಲಿ ಸಣ್ಣ ಮರಳಿನ ಮೇಲೆ ಏನನ್ನೋ ಎಳೆದಂತಹ ಕಂಪನ ಬೆರಳಿಗೆ ಸಿಕ್ಕಿತು. ಎಡಗಾಲಿಯ ಸ್ಪ್ರಿಂಗಿನಲ್ಲಿ ಏನೂ ಇರಲಿಲ್ಲ. ಕಿವಿ ಹೇಳಿದ್ದನ್ನು ಬೆರಳಿನಿಂದ ರುಜುವಾತು ಮಾಡಿಕೊಂಡ ಮೇಲೆಯೇ ಆತ ಸ್ಪ್ಯಾನರನ್ನು ಎತ್ತಿಕೊಂಡದ್ದು. ಹಬ್ಬನ್ನು ಬಿಚ್ಚಿ ಪ್ರೆಸ್ಸಿಗೆ ಕಳುಹಿಸಿ ಬೇರಿಂಗನ್ನು ಬದಲಾಯಿಸಿದನು, ಕಾರು ಮೌನವಾಯಿತು. ಬಿಲ್ಲಿನಲ್ಲಿ ಬೇರಿಂಗಿನ ಬೆಲೆ, ಪ್ರೆಸ್ಸಿನ ಖರ್ಚು, ಲೇಬರು ಇದ್ದವು. ನೋಡಿ ಪತ್ತೆಮಾಡಿದ್ದಕ್ಕೆ ಎಷ್ಟು ಎಂದು ಮೇಷ್ಟ್ರು ಕೇಳಿದ್ದಕ್ಕೆ ಆತ ನಕ್ಕುಬಿಟ್ಟನು: "ಸದ್ದು ಕೇಳಿದ್ದಕ್ಕೆಲ್ಲ ದುಡ್ಡು ಇಸ್ಕೊಂಡ್ರೆ ಜನ ಏನಂತಾರೆ ಮೇಷ್ಟ್ರೇ!"

ಜನ ಏನೆನ್ನುತ್ತಾರೆಂಬುದು ನನಗೂ ಗೊತ್ತು. ಅದೇ ಜನ, ಒಂದು ಸಣ್ಣ ಯಂತ್ರವನ್ನು ಡ್ಯಾಷ್‌ಬೋರ್ಡಿನ ಕೆಳಗಣ ಕಿಂಡಿಗೆ ಸಿಕ್ಕಿಸಿ ತೆಗೆದುದಕ್ಕೆ 'ಸ್ಕ್ಯಾನಿಂಗ್ ಚಾರ್ಜ್' ಎಂದು ಬರೆದರೆ ಚಕಾರವೆತ್ತದೆ ಕೊಡುತ್ತಾರೆ. ಆ ಯಂತ್ರ ನಿಷ್ಪ್ರಯೋಜಕವೆಂದು ನಾನು ಹೇಳಲೊಲ್ಲೆ. ಎಂಜಿನ್ನಿನ ಸೆನ್ಸರುಗಳ ದೋಷವನ್ನು ಹೇಳುವುದರಲ್ಲಿ ಅದಕ್ಕೆ ಸಮನಿಲ್ಲ. ಆದರೆ ಬೇರಿಂಗಿನ ಸವೆತವನ್ನೂ ಹಲ್ಲಿನ ಒರಟನ್ನೂ ಆಲಿಸುವ ಸೆನ್ಸರು ಸಾಮಾನ್ಯ ಕಾರುಗಳಲ್ಲಿ ಇಲ್ಲವೇ ಇಲ್ಲವಾದ್ದರಿಂದ, ಈ ಜಾತಿಯ ಸದ್ದಿಗೆ ಆ ಯಂತ್ರವು ಕಿವುಡು. ಮೊಬೈಲಿನಲ್ಲಿ ಸದ್ದನ್ನು ಹಿಡಿದು ವಾಟ್ಸಾಪಿನಲ್ಲಿ ಕಳುಹಿಸಿ ಉತ್ತರ ನಿರೀಕ್ಷಿಸುವವರಿಗೂ ಇಷ್ಟೇ ಹೇಳಬೇಕಾಗಿದೆ: ಮಾತಿಗಾಗಿ ರೂಪಿಸಿದ ಆ ಮೈಕು ಒಂದೇ ಸಮನಾದ ಗುಂಯ್‌ಕಾರವನ್ನು ಬೇಡದ ಹಿನ್ನೆಲೆಯ ಗದ್ದಲವೆಂದು ತಗ್ಗಿಸಿಬಿಡುವುದುಂಟು. ಯಂತ್ರಕ್ಕೆ ಸಲ್ಲುವ ಶುಲ್ಕ ಮನುಷ್ಯನ ಕಿವಿಗೆ ಏಕೆ ಸಲ್ಲದು? ಪ್ಯಾರಿಸ್ಸಿನ ವೈದ್ಯ ಲೇನೆಕ್ಕನು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಆಲಿಸಿದಂದಿನಿಂದ ಸ್ಟೆತಾಸ್ಕೋಪು ವೈದ್ಯನ ಲಾಂಛನವಾಗಿದೆ. ನಮ್ಮ ಮೇಸ್ತ್ರಿಯೂ ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಗೇರ್ ಬಾಕ್ಸಿಗೆ ಊರಿ ಅದರ ಹಿಡಿಯನ್ನು ಕಿವಿಯ ಹಿಂದಣ ಮೂಳೆಗೆ ಒತ್ತಿ ಮಾಡುವುದು ಅದನ್ನೇ. ಔಷಧ ಬೇಡವೆಂದು ಹೇಳಿ ಕಳುಹಿಸಿದ ವೈದ್ಯನಿಗೂ ನಾವು ಫೀಸು ಕೊಡುತ್ತೇವೆ, ಮೇಸ್ತ್ರಿಗೆ ಕೊಡುವುದಿಲ್ಲ.

ಇಂತಹ ಸದ್ದಿನ ಹಳೆಯ ಕಾರನ್ನು ಕೊಳ್ಳುವವನಿಗೆ ಕಾನೂನಿನಿಂದಲೂ ಹೆಚ್ಚಿನ ಆಸರೆಯಿಲ್ಲ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು, ಕೆಲವು ಅಪವಾದಗಳನ್ನು ಬಿಟ್ಟರೆ, ಸರಕಿನ ಗುಣಮಟ್ಟದ ಹೊಣೆಯನ್ನು ಮಾರುವವನ ಮೇಲೆ ತಾನಾಗಿಯೇ ಹೊರಿಸುವುದಿಲ್ಲ. ಪರೀಕ್ಷಿಸಿ ನೋಡಿ ಕೊಂಡವನಿಗೆ, ಆ ಪರೀಕ್ಷೆಯಿಂದ ಹೊರಬೀಳಬೇಕಾಗಿದ್ದ ದೋಷದ ವಿಷಯದಲ್ಲಿ ಅಂತಹ ಒಂದು ಅಪವಾದದ ರಕ್ಷಣೆಯೂ ತಪ್ಪುತ್ತದೆ. 2022ರ ಡಿಸೆಂಬರಿನಲ್ಲಿ ಹೊರಟು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕೇಂದ್ರ ನಿಯಮಗಳು ಹಳೆಯ ವಾಹನಗಳ ವ್ಯಾಪಾರಿಗಳಿಗೆ ಅಧಿಕಾರಪತ್ರವನ್ನೂ, ವಾಹನದ ಪ್ರತಿ ಓಡಾಟಕ್ಕೂ ದಾಖಲೆಯನ್ನೂ ಕಡ್ಡಾಯಗೊಳಿಸಿದುವು. ಸ್ವಾಗತಾರ್ಹವೇ ಸರಿ, ಆದರೆ ಅವುಗಳ ಗಮನವೆಲ್ಲ ಒಡೆತನ ಮತ್ತು ಹೊಣೆಗಾರಿಕೆಯ ಕಡೆಗೆ. ಆದುದರಿಂದ ಕೊಳ್ಳುವವನು ತನ್ನ ಪರೀಕ್ಷೆಯನ್ನು ತಾನೇ ಗಂಭೀರವಾಗಿ ನಡೆಸಬೇಕು. ಮಾರುವವನು ತಾನಾಗಿ ತೋರಿಸುವ ಟ್ರಯಲ್ಲು ನುಣುಪಾದ ರಸ್ತೆಯ ಒಂದು ಸುತ್ತಿನಲ್ಲಿ, ಹಾಡಿನ ಸಮೇತ ಮುಗಿಯುತ್ತದೆ. ಗೇರ್ ಆಯಿಲ್ ತಣ್ಣಗಿದ್ದಾಗ ಮಂದವಾಗಿದ್ದು ಹಲ್ಲುಗಳ ಸದ್ದನ್ನು ಮುಚ್ಚಿಡುತ್ತದೆ, ಕಾದಾಗ ತೆಳುವಾಗಿ ಬಯಲಿಗೆ ಬಿಡುತ್ತದೆ. ಹೇಳಿದ್ದಕ್ಕಿಂತ ದಪ್ಪನೆಯ ಎಣ್ಣೆ ತುಂಬಿ ಗಾಡಿಯನ್ನು ತಾತ್ಕಾಲಿಕವಾಗಿ ಮೌನಗೊಳಿಸುವ ಕೈಚಳಕವೂ ಹಳೆಯದೇ. ಗೇರ್ ಬಾಕ್ಸಿನಲ್ಲಿ ಮರದ ಹೊಟ್ಟು ತುಂಬಿ ಕಾರು ಮಾರುವ ಅಪ್ಪನೊಬ್ಬನನ್ನು ಇಂಗ್ಲಿಷಿನ ಲೇಖಕ ರೋಲ್ಡ್ ಡಾಲ್ 1988ರ ತನ್ನ 'ಮಟಿಲ್ಡಾ' ಎಂಬ ಮಕ್ಕಳ ಕಾದಂಬರಿಯಲ್ಲಿ ಚಿತ್ರಿಸಿರುವುದನ್ನು ನೋಡಿದರೆ, ಈ ವಿದ್ಯೆ ನಮ್ಮವರ ಏಕಸ್ವಾಮ್ಯವಲ್ಲವೆಂಬ ಸಮಾಧಾನವಾದರೂ ಉಂಟು. ಕನಿಷ್ಠ ಇಪ್ಪತ್ತು ಕಿಲೋಮೀಟರಾದರೂ ಓಡಿಸಲು ಬಿಡದ ಮಾರಾಟಗಾರನ ಕಾರನ್ನು ಕೊಳ್ಳದಿರುವುದೇ ಲೇಸು.

ಎಲ್ಲ ಸದ್ದೂ ರೋಗವಲ್ಲವೆಂಬುದನ್ನೂ ಹೇಳಬೇಕು. ಅನೇಕ ಕಾರುಗಳಲ್ಲಿ ರಿವರ್ಸ್ ಗೇರಿನ ಹಲ್ಲುಗಳು ನೇರವಾಗಿಯೂ ಮುಂದಿನ ಗೇರುಗಳ ಹಲ್ಲುಗಳು ಓರೆಯಾಗಿಯೂ ಇರುವುದರಿಂದ ಹಿಂದಕ್ಕೆ ಬರುವಾಗಿನ ಕೊಯ್ ಎಂಬ ಕೂಗು ಸಹಜ. ಬ್ರೇಕಿನ ತಗಡಿಗೂ ಡಿಸ್ಕಿಗೂ ನಡುವೆ ಸಿಕ್ಕಿದ ಒಂದು ಜಲ್ಲಿಕಲ್ಲು ಇಡೀ ಗಾಲಿಯೇ ಕಳಚಿಬೀಳುವಂತೆ ಕಿರುಚಬಲ್ಲುದು, ತೆಗೆದರೆ ಮುಗಿಯಿತು. ಆದರೆ ಯು.ಜೆ. ಕ್ರಾಸಿನ ಧಡ್ ಎಂಬ ಪೆಟ್ಟನ್ನೂ, ದಿನದಿನಕ್ಕೆ ಏರುವ ಗಾಲಿ ಬೇರಿಂಗಿನ ಗೊರಗೊರವನ್ನೂ ಉದಾಸೀನ ಮಾಡಕೂಡದು. ಮೊದಲನೆಯದು ತುಂಡಾದರೆ ಓಡುವ ಗಾಡಿಯ ಪ್ರೊಪೆಲ್ಲರ್ ಶಾಫ್ಟು ರಸ್ತೆಗೆ ಬೀಳುತ್ತದೆ, ಎರಡನೆಯದು ಕಚ್ಚಿಕೊಂಡರೆ ಗಾಲಿಯೇ ಕೈಕೊಡುತ್ತದೆ. ಯಾವುದನ್ನು ಸಹಿಸಬಹುದು, ಯಾವುದನ್ನು ಸಹಿಸಕೂಡದು ಎಂಬ ಈ ವಿವೇಕಕ್ಕೇ ನಾನು ಬೆಲೆ ಕಟ್ಟಬೇಕೆನ್ನುವುದು.

ಫೀಸು ಇಸಿದುಕೊಂಡು ಮತ್ತೆ ಊಹೆಯನ್ನೇ ಹೇಳಿದರೆ ಏನು ಗತಿ ಎಂದು ಆಕ್ಷೇಪಿಸಬಹುದು. ಅದಕ್ಕೆ ಪರಿಹಾರ, ಹೇಳಿದ್ದನ್ನು ಬರೆಸಿಕೊಳ್ಳುವುದು: ಯಾವ ವೇಗದಲ್ಲಿ ಸದ್ದು, ನ್ಯೂಟ್ರಲ್ಲಿನಲ್ಲಿ ಏನಾಯಿತು, ತಿರುವಿನಲ್ಲಿ ಏನಾಯಿತು, ಆದುದರಿಂದ ಯಾವ ಭಾಗದ ಮೇಲೆ ಸಂಶಯ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ರುಜು ಹಾಕಿದವನು ಎರಡು ನಿಮಿಷದಲ್ಲಿ ತೀರ್ಪು ಕೊಡಲಾರ, ಬರೆಯಬೇಕಾದಾಗ ಮನುಷ್ಯನು ಆಲಿಸಲೇಬೇಕಾಗುತ್ತದೆ. ಐ.ಟಿ.ಐ.ಗಳಲ್ಲಿ ಎರಡು ವರ್ಷ ಮೋಟಾರು ಮೆಕ್ಯಾನಿಕ್ ವೃತ್ತಿಯನ್ನು ಕಲಿಯುವ ಹುಡುಗರಿಗೂ, ಬಿಚ್ಚಿ ಜೋಡಿಸುವ ಪರೀಕ್ಷೆಯೊಡನೆ ಕೆಟ್ಟ ಗಾಡಿಯೊಂದನ್ನು ಓಡಿಸಿ ಇಂತಹ ನಾಲ್ಕು ಸಾಲು ಬರೆಯುವ ಪರೀಕ್ಷೆಯನ್ನು ಒಡ್ಡುವುದು ಅಸಾಧ್ಯವೇನಲ್ಲ. ಗ್ಯಾರೇಜಿನ ಮಾಲೀಕರು ಆಯಿಲ್ ಬದಲಾವಣೆ, ವೀಲ್ ಅಲೈನ್‌ಮೆಂಟುಗಳ ದರಪಟ್ಟಿಯ ಕೆಳಗೆ 'ಸದ್ದಿನ ತಪಾಸಣೆ' ಎಂಬ ಇನ್ನೊಂದು ಸಾಲನ್ನು ಬರೆಸಲಿ. ಓದುಗರಲ್ಲಿ ಹಳೆಯ ಕಾರಿದ್ದವರು, ಮುಂದಿನ ಸಲ ಸದ್ದಿನ ದೂರನ್ನು ಒಯ್ದಾಗ, ಏನನ್ನಾದರೂ ಬಿಚ್ಚುವುದಕ್ಕೆ ಒಪ್ಪುವ ಮೊದಲು ಮೇಸ್ತ್ರಿಯ ಅರ್ಧ ಗಂಟೆಯನ್ನು ಹಣ ಕೊಟ್ಟು ಕೊಳ್ಳಿರಿ, ಮತ್ತು ಆತ "ಏನೂ ಬದಲಾಯಿಸಬೇಕಾಗಿಲ್ಲ" ಎಂದರೂ ಆ ಹಣವನ್ನು ಕೊಟ್ಟೇ ಬನ್ನಿರಿ.